ನೀರಿನಡಿಯ ಊಟದ ಲೆಕ್ಕ

ಹಸುವಿಗೆ ಹಿಂಡಿ ಇಟ್ಟರೆ ಬಾನಿಯಲ್ಲಿ ಉಳಿದದ್ದು ಕಣ್ಣಿಗೆ ಕಾಣುತ್ತದೆ, ಸಗಣಿ ಕೊಟ್ಟಿಗೆಯಲ್ಲೇ ಬಿದ್ದಿರುತ್ತದೆ. ಮೀನಿನ ವಿಷಯದಲ್ಲಿ ಈ ಎರಡೂ ಸಾಕ್ಷಿಗಳನ್ನು ನೀರು ಕರಗಿಸಿಬಿಡುತ್ತದೆ. ಹಾಕಿದ್ದರಲ್ಲಿ ತಿಂದದ್ದೆಷ್ಟು, ತಿಂದದ್ದರಲ್ಲಿ ಮೈಗೆ ಹತ್ತಿದ್ದೆಷ್ಟು? ಸಾಕುಮೀನಿನ ಪೋಷಣೆಯನ್ನು ಅಧ್ಯಯನ ಮಾಡುವವರ ಕಸುಬೆಲ್ಲ ಈ ಪತ್ತೇದಾರಿಕೆಯಲ್ಲಿದೆ.

ಈ ಕಸುಬಿಗೆ ಶಿಸ್ತು ತಂದವರಲ್ಲಿ ಮೊದಲ ಹೆಸರು ಅಮೆರಿಕದ ಜಾನ್ ಹಾಲ್ವರ್ (1922–2012) ಅವರದು. ಕೊಲಂಬಿಯಾ ನದಿಗೆ ಅಣೆಕಟ್ಟುಗಳೆದ್ದು ಸಾಲ್ಮನ್ ಮೀನುಗಳ ದಾರಿ ಕಟ್ಟಿದಾಗ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ನದಿಗೆ ಬಿಡುವುದು ಅನಿವಾರ್ಯವಾಯಿತು. ಆಗ ಮರಿಗಳಿಗೆ ಸಿಗುತ್ತಿದ್ದುದು ಹೆಚ್ಚಾಗಿ ಕಸಾಯಿಖಾನೆಯ ಯಕೃತ್ತು, ಗುಲ್ಮ. ಅದರಲ್ಲಿ ಏನಿದೆ, ಏನಿಲ್ಲ ಎಂದು ಹೇಳುವುದು ಹೇಗೆ? ಹಾಲ್ವರ್ ಪೂರ್ತಿ ಹೊಸದೊಂದು ಊಟವನ್ನೇ ಕಟ್ಟಿದರು. ಹಾಲಿನಿಂದ ತೆಗೆದು ಜೀವಸತ್ವದ ಸುಳಿವೂ ಇಲ್ಲದಂತೆ ಶುದ್ಧಮಾಡಿದ ಕೇಸೀನ್, ಜೆಲಟಿನ್, ಡೆಕ್ಸ್‌ಟ್ರಿನ್, ಎಣ್ಣೆ, ಖನಿಜ. ಅದರ ಮೇಲೆ ಅಳೆದು ಬೆರೆಸಿದ ಜೀವಸತ್ವಗಳು. ಆಮೇಲೆ ಒಂದೊಂದು ಗುಂಪಿನ ಊಟದಿಂದ ಒಂದೊಂದೇ ಜೀವಸತ್ವವನ್ನು ಕೈಬಿಡುತ್ತ, ಯಾವ ಮರಿಗೆ ಏನಾಗುತ್ತದೆಂದು ಕಾದು ನೋಡಿದರು. 1957ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಚಿನೂಕ್ ಸಾಲ್ಮನ್ನಿಗೆ ಹತ್ತು ಅಮೈನೋ ಆಮ್ಲಗಳು ಆಹಾರದಿಂದಲೇ ಸಿಗಬೇಕೆಂದು ಗೊತ್ತಾದದ್ದೂ ಅದೇ ವರ್ಷ. ಮುಂದೆ ಸಿ ಜೀವಸತ್ವ ಸಿಗದ ಮೀನುಗಳ ಬೆನ್ನುಮೂಳೆ ಸೊಟ್ಟಗಾಗುವುದನ್ನು ಅವರ ತಂಡ ತೋರಿಸಿತು. ಬೇಕಾದದ್ದನ್ನು ಗುರುತಿಸಲು ಅದನ್ನೇ ತೆಗೆದು ನೋಡುವ ಈ ಉಪಾಯ ಕೇಳಲು ಸುಲಭ; ಆದರೆ ಉಳಿದದ್ದೆಲ್ಲವೂ ತೊಟ್ಟಿಯಿಂದ ತೊಟ್ಟಿಗೆ ಒಂದೇ ಸಮನಾಗಿರಬೇಕಲ್ಲ, ಕಷ್ಟವೆಲ್ಲ ಅಲ್ಲಿದೆ.

ನನಗೆ ಇನ್ನೂ ಇಷ್ಟವಾದದ್ದು ಜೀರ್ಣವಾದದ್ದನ್ನು ಅಳೆಯುವ ಯುಕ್ತಿ. ತಿಂದದ್ದೆಲ್ಲವನ್ನೂ ತೂಗಲಾಗದು, ಹೊರಬಿದ್ದದ್ದೆಲ್ಲವನ್ನೂ ಹಿಡಿಯಲಾಗದು. ಅದಕ್ಕೆ ಕ್ರೋಮಿಕ್ ಆಕ್ಸೈಡ್ ಎಂಬ ಹಸಿರು ಪುಡಿಯನ್ನು ಆಹಾರದಲ್ಲಿ ಚೂರೇ ಚೂರು ಬೆರೆಸುತ್ತಾರೆ. ಮೀನು ಅದನ್ನು ಅರಗಿಸಿಕೊಳ್ಳುವುದಿಲ್ಲ. ಒಳಹೋದದ್ದು ಹಾಗೇ ಹೊರಬರುತ್ತದೆ. ಆಹಾರದಲ್ಲಿ ಶೇ. 1ರಷ್ಟಿದ್ದ ಪುಡಿ ಮಲದಲ್ಲಿ ಶೇ. 4ರಷ್ಟಾಗಿದ್ದರೆ, ಉಳಿದ ಪದಾರ್ಥದ ಮುಕ್ಕಾಲು ಪಾಲು ಮೀನಿನ ಮೈ ಸೇರಿದೆ ಎಂದರ್ಥ. ಪೂರ್ತಿ ರಾಶಿ ಬೇಡ, ಒಂದು ಚಿಟಿಕೆ ಮಾದರಿ ಸಾಕು. ಆ ಚಿಟಿಕೆಯನ್ನೂ ನೀರಿನಲ್ಲಿ ಕರಗುವ ಮೊದಲೇ ಹಿಡಿಯಬೇಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಇದಕ್ಕೆಂದೇ ಇಳಿಜಾರು ತಳದ ತೊಟ್ಟಿ ಕಟ್ಟಿ, ಮಲ ತಾನಾಗಿ ಜಾರಿ ಒಂದು ಕೊಳವೆಯಲ್ಲಿ ತಂಗುವಂತೆ ಮಾಡಿದರು.

ತೂಕ ನೋಡುವ ದಿನದ ನಾಜೂಕು ಬೇರೆ. ಹೊಟ್ಟೆಯಲ್ಲಿರುವ ಊಟ ತೂಕಕ್ಕೆ ಸೇರಬಾರದೆಂದು ಮರಿಗಳನ್ನು ಹಿಂದಿನ ದಿನವೇ ಉಪವಾಸ ಕೆಡವುತ್ತಾರೆ. ಒದ್ದಾಡಿ ಹುರುಪೆ ಕಳೆದುಕೊಳ್ಳದಿರಲೆಂದು ನೀರಿಗೆ ಲವಂಗದೆಣ್ಣೆ ಬೆರೆಸಿ ಮಂಪರು ತರಿಸುವುದೂ ಉಂಟು. ಒಂದೂವರೆ ಕಿಲೋ ಆಹಾರಕ್ಕೆ ಒಂದು ಕಿಲೋ ಮೀನು ಎಂಬ ಲೆಕ್ಕ ಕೇಳಿ ಬೆರಗಾಗುವವರಿಗೆ ಒಂದು ಕಿವಿಮಾತು: ಆಹಾರ ಒಣಗಿದ್ದು, ಮೀನಿನ ಮೈಯಲ್ಲಿ ಮುಕ್ಕಾಲು ಭಾಗದಷ್ಟು ನೀರು. ಹಾಗಿದ್ದೂ ಮೀನು ಮಿತವ್ಯಯಿಯೇ. ಮೈ ಬೆಚ್ಚಗಿಡಲು ಅದು ಖರ್ಚು ಮಾಡಬೇಕಿಲ್ಲ. ಸಾರಜನಕದ ಕಸವನ್ನು ಹೆಚ್ಚಿನ ಶ್ರಮವಿಲ್ಲದೆ ಅಮೋನಿಯಾ ರೂಪದಲ್ಲಿ ಕಿವಿರಿನಿಂದಲೇ ಹೊರಹಾಕುತ್ತದೆ.

ನಮ್ಮ ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಸಾಲ್ಮನ್ನಿನ ಪಾಠ ಹಾಗೇ ಒಪ್ಪುವುದಿಲ್ಲ. ಗೆಂಡೆ ಕುಲದ ಈ ಮೀನುಗಳಿಗೆ ಜಠರವೇ ಇಲ್ಲ. ಒಮ್ಮೆಲೆ ನುಂಗಿ ತುಂಬಿಕೊಳ್ಳಲಾರವು, ಚೂರುಚೂರೇ ಮೇಯುತ್ತವೆ. ಕೊಲ್ಲೇರು ಸರೋವರದ ಆಸುಪಾಸಿನ ಆಂಧ್ರದ ರೈತರು ತೌಡು-ಹಿಂಡಿಯನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಡುವುದು ಇದನ್ನು ಬಲ್ಲವರ ಕ್ರಮ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾಯಿತು. ಅಲ್ಲಿಯ ಸಂಶೋಧಕರು ಕೊಳದಲ್ಲಿ ಕಬ್ಬಿನ ಸಿಪ್ಪೆಯಂಥವನ್ನು ಇಳಿಬಿಟ್ಟು, ಅದರ ಮೇಲೆ ಪಾಚಿ ಬೆಳೆಸಿ ಮೀನಿಗೆ ಮೇವಾಗಿಸುವುದನ್ನೂ ಪರೀಕ್ಷಿಸಿದ್ದಾರೆ.

ಕೊಳ ಇಟ್ಟುಕೊಂಡಿರುವ ರೈತರು ಆಹಾರದ ಚೀಲದ ಮೇಲೆ ಬರೆದ ಪ್ರೋಟೀನಿನ ಅಂಕಿಯೊಂದನ್ನೇ ನಂಬಬಾರದು. ಕೊಳ್ಳುವ ಮೊದಲು ಒಂದು ಹಿಡಿ ಗುಳಿಗೆಯನ್ನು ಬಕೆಟ್ ನೀರಿಗೆ ಹಾಕಿ ಅರ್ಧ ಗಂಟೆ ನೋಡಿ. ಅಷ್ಟರಲ್ಲೇ ನೀರು ಕದಡಿ ಗುಳಿಗೆ ಬಿಚ್ಚಿಕೊಂಡರೆ, ನಿಧಾನವಾಗಿ ಮೇಯುವ ಮೀನಿಗೆ ಅದು ಸಲ್ಲದು.