ಕೈಗವಸಿನೊಳಗೆ ಜೀತದ ಕೈ!

ಸರ್ಕಾರಿ ಆಸ್ಪತ್ರೆಯ ಡ್ರೆಸಿಂಗ್ ರೂಮಿಗೆ ಹೋದವರೆಲ್ಲ ಆ ಡಬ್ಬ ನೋಡಿಯೇ ಇರುತ್ತಾರೆ. ನರ್ಸಮ್ಮ ಅದರಿಂದ ಒಂದು ಜೊತೆ ರಬ್ಬರ್ ಕೈಗವಸು ಎಳೆದು, ಚಟ್ಟನೆ ತೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ, ಕಳಚಿ ಬಕೆಟ್ಟಿಗೆ ಎಸೆಯುತ್ತಾರೆ. ಐದು ನಿಮಿಷದ ಆಯುಷ್ಯ, ಅಷ್ಟೆ. ಅದನ್ನು ಮಾಡಿದವನು ಯಾರು, ಎಲ್ಲಿಯವನು, ಅವನ ಆಯುಷ್ಯ ಹೇಗೆ ಸವೆಯುತ್ತಿದೆ ಅಂತ ಕೇಳಿದವರುಂಟೆ?

ಕೊರೋನಾ ಬಂದ 2020ರಲ್ಲಿ ಜಗತ್ತಿನ ಕೈಗವಸುಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ತಯಾರಾಗುತ್ತಿದ್ದುದು ಮಲೇಷ್ಯಾ ಎಂಬ ಒಂದೇ ದೇಶದಲ್ಲಿ. ಅಲ್ಲಿಂದ ಮಾಲು ತರಿಸುವ ದೇಶಗಳಲ್ಲಿ ಭಾರತವೂ ಒಂದು. ಸಾಲುಗಟ್ಟಿ ನೇತಾಡುವ ಪಿಂಗಾಣಿ ಕೈಗಳು ರಬ್ಬರ್ ದ್ರವದಲ್ಲಿ ಮುಳುಗಿ, ಕಾದು, ಒಣಗಿ ಬರುತ್ತವೆ. ಅವುಗಳ ಮೈಮೇಲಿನ ಕೈಗವಸು ಸುಲಿದು ಪ್ಯಾಕ್ ಮಾಡಬೇಕು. ಸೆಕೆಯೋ ಸೆಕೆ. ಪಾಳಿ ಎಂದರೆ 12 ಗಂಟೆ. ಈ ಕೆಲಸಕ್ಕೆ ನಿಂತವರು ಬಹುಪಾಲು ನೇಪಾಳ, ಬಾಂಗ್ಲಾದೇಶದಿಂದ ಹೊಟ್ಟೆಪಾಡಿಗೆ ಬಂದವರು.

ಕೆಲಸಕ್ಕೆ ಬಂದರೆ ತಪ್ಪೇನು ಸ್ವಾಮಿ ಎನ್ನಬಹುದು. ಬರುವ ದಾರಿಯಲ್ಲೇ ಇರುವುದು ಮರ್ಮ. ಊರಿನ ದಲ್ಲಾಳಿಗೊಂದು ಪಾಲು, ಪಟ್ಟಣದ ಏಜೆಂಟನಿಗೊಂದು ಪಾಲು, ಅಲ್ಲಿಯವನಿಗೆ ಮತ್ತೊಂದು. ಏಜೆಂಟರು ಹತ್ತು ಸಾವಿರ ನೇಪಾಳಿ ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದೂ, ವೀಸಾ, ಟಿಕೆಟ್ ಖರ್ಚು ಧಣಿಯದೆಂದೂ ನೇಪಾಳ ಸರ್ಕಾರ 2015ರಲ್ಲೇ ನಿಯಮ ಮಾಡಿತು. ನಿಯಮ ಕಾಗದದಲ್ಲಿತ್ತು, ವಸೂಲಿ ಓಣಿಯಲ್ಲಿ ನಡೆಯಿತು! ಬಾಂಗ್ಲಾದವರದಂತೂ ಲಕ್ಷಗಟ್ಟಲೆ ಟಾಕಾ. ಹೊಲ ಅಡವಿಟ್ಟು, ಬಡ್ಡಿಗೆ ತಂದು ಕಟ್ಟಿದ ಹಣ. ಅಲ್ಲಿ ಇಳಿದ ಮೇಲೆ ಎಷ್ಟೋ ಕಡೆ ಪಾಸ್‌ಪೋರ್ಟ್ ಧಣಿಯ ಬೀರುವಿಗೆ. ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಊರಿಗೆ ಮುಖ ತೋರಿಸುವಂತಿಲ್ಲ.

ನಮ್ಮ ಸೀಮೆಯ ಹಿರಿಯರಿಗೆ ಇದರ ಹೆಸರು ಹೇಳಿಕೊಡಬೇಕಾಗಿಲ್ಲ. ಮಗಳ ಮದುವೆಗೆ ಸಾಹುಕಾರನ ಹತ್ತಿರ ನಾಲ್ಕು ಕಾಸು ತಂದು ಮೂರು ತಲೆಮಾರು ದುಡಿದ ಜೀತ ಅವರಿಗೆ ಗೊತ್ತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ದೇಶದ ನಾನಾ ಕಡೆಯ ಈ ಪದ್ಧತಿಯ ಹೆಸರುಗಳನ್ನು ಪಟ್ಟಿ ಮಾಡುವಾಗ ‘ಜೀತ’ ಎಂಬ ನಮ್ಮ ಮಾತನ್ನೂ ಸೇರಿಸಿದೆ. ಅಂಥ ಸಾಲ ಅಳಿಸಿಹೋಯಿತು ಎಂದೇ ಕಾಯ್ದೆ ಸಾರಿತು. ಜಿಲ್ಲೆಗೊಂದು ಜಾಗೃತಿ ಸಮಿತಿ ಇರಬೇಕು, ಅದಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರು ಇಲ್ಲವೇ ಅವರು ನೇಮಿಸಿದವರು ಅಧ್ಯಕ್ಷರಾಗಬೇಕು ಎಂದಿತು. ಆದರೆ ಆ ಕಾಯ್ದೆ ಸಮುದ್ರ ದಾಟುವುದಿಲ್ಲ. ಡಬ್ಬ ಮಾತ್ರ ದಾಟಿ ಬರುತ್ತದೆ!

ಕಾಯಿಲೆ ಕಾಲದ ಕಮಾಯಿ

ಕೊರೋನಾದಲ್ಲಿ ಕೈಗವಸಿಗೆ ಬಂಗಾರದ ಬೆಲೆ ಬಂತು. ಜಗತ್ತಿನ ಅತಿ ದೊಡ್ಡ ಕೈಗವಸು ಕಂಪನಿ ಟಾಪ್ ಗ್ಲೋವ್‌ಗೆ 2021ರ ಆಗಸ್ಟಿಗೆ ಮುಗಿದ ಒಂದು ವರ್ಷದಲ್ಲಿ 700 ಕೋಟಿ ರಿಂಗಿಟ್ ಮೀರಿದ ಲಾಭ. ಅತ್ತ ಕಾರ್ಮಿಕರ ವಸತಿಗಳಲ್ಲಿ ಮಂಚದ ಮೇಲೆ ಮಂಚ. ‘ದೂರ ನಿಲ್ಲಿ’ ಎಂದು ಜಗತ್ತೆಲ್ಲ ಸಾರುತ್ತಿದ್ದಾಗ ಇವರಿಗೆ ನಿಲ್ಲಲೂ ಜಾಗವಿರಲಿಲ್ಲ. 2020ರ ನವೆಂಬರಿನಲ್ಲಿ ಕ್ಲಾಂಗ್‌ನಲ್ಲಿ ಈ ಕಂಪನಿಯ ಎರಡು ಸಾವಿರದ ನಾನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿ, 28 ಫ್ಯಾಕ್ಟರಿಗಳನ್ನು ಹಂತಹಂತವಾಗಿ ಮುಚ್ಚಿಸಬೇಕಾಯಿತು. ಅದಕ್ಕೆ ಮೊದಲೇ ನೇಪಾಳದ ಒಬ್ಬ ಕಾರ್ಮಿಕ ಗೇಟಿನಲ್ಲಿ ಜನ ಕಿಕ್ಕಿರಿದ ಫೋಟೋ ತೆಗೆದಿದ್ದ. ಅವನಿಗೆ ಸಿಕ್ಕ ಬಹುಮಾನ: ಕೆಲಸದಿಂದ ವಜಾ! ಅದೇ ಡಿಸೆಂಬರಿನಲ್ಲಿ ಬ್ರೈಟ್‌ವೇ ಎಂಬ ಇನ್ನೊಂದು ಕಂಪನಿಯ ಮೇಲೆ ದಾಳಿಯಾದಾಗ ಕಾರ್ಮಿಕರು ಹಡಗಿನ ಕಂಟೇನರುಗಳಲ್ಲಿ ವಾಸವಿದ್ದುದು ಬಯಲಾಯಿತು.

ಇಷ್ಟು ದಿನ ಯಾರೂ ತಪಾಸಣೆ ಮಾಡಿರಲಿಲ್ಲವೆ? ಮಾಡಿದ್ದರು, ಮಾಡದೆ ಏನು! ಸಾಹೇಬರು ಬರುವ ದಿನ ಮೊದಲೇ ಗೊತ್ತು. ಸುಣ್ಣ ಬಳಿದಿರುತ್ತದೆ. ಕಾರ್ಮಿಕನನ್ನು ಪ್ರಶ್ನೆ ಕೇಳುವುದು ಫ್ಯಾಕ್ಟರಿಯೊಳಗೇ. ಸೂಪರ್‌ವೈಸರ್ ಅಲ್ಲೇ ಸುಳಿದಾಡುತ್ತಿದ್ದರೆ ಯಾವನು ಬಾಯಿ ಬಿಟ್ಟಾನು? ಕಾರ್ಮಿಕರ ಪರ ಸಂಘಟನೆಗಳ ದೂರು ಇದೇ. ನಮ್ಮ ಶಾಲೆ, ಹಾಸ್ಟೆಲುಗಳ ಇನ್ಸ್‌ಪೆಕ್ಷನ್ ಕಂಡವರಿಗೆ ಈ ನಾಟಕ ಹೊಸದೇನಲ್ಲ.

ಬಿಸಿ ತಟ್ಟಿದ್ದು ಅಮೆರಿಕ ಬಾಗಿಲು ಹಾಕಿದಾಗ. ಬಲವಂತದ ದುಡಿಮೆಯ ಮಾಲು ದೇಶದೊಳಗೆ ಬರಕೂಡದು ಎಂಬುದು ಅಲ್ಲಿಯ 1930ರ ಸುಂಕದ ಕಾಯ್ದೆ. ಅದರಂತೆ 2020ರ ಜುಲೈನಲ್ಲಿ ಟಾಪ್ ಗ್ಲೋವ್‌ನ ಎರಡು ಅಂಗಸಂಸ್ಥೆಗಳ ಮಾಲಿಗೆ ತಡೆ ಬಿತ್ತು. 2021ರ ಮಾರ್ಚಿನಲ್ಲಿ ಜಪ್ತಿಯ ಆದೇಶ. ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸುಮಾರು 40 ಲಕ್ಷ ಕೈಗವಸು ವಶ. ಸೆಪ್ಟೆಂಬರಿನಲ್ಲಿ ತಡೆ ತೆಗೆಯುವ ಹೊತ್ತಿಗೆ ಕಂಪನಿ ಕಾರ್ಮಿಕರಿಗೆ 3 ಕೋಟಿ ಡಾಲರ್ ಮೀರಿದ ಹಣ ಕೊಟ್ಟಿತ್ತು. ಅಂದರೆ ಹಣ ಇತ್ತು, ಕೊಡಲೂ ಬರುತ್ತಿತ್ತು. ಮನಸ್ಸೊಂದು ಇರಲಿಲ್ಲ, ಅಷ್ಟೆ.

ಹಾಗಂತ ಮಾಲು ನಿಲ್ಲಿಸಿ ಕೈ ತೊಳೆದುಕೊಂಡರೂ ಆಗದು. ಫ್ಯಾಕ್ಟರಿ ಮುಚ್ಚಿದರೆ ಸಾಲ ಹೊತ್ತ ಬಡಪಾಯಿ ಬರಿಗೈಯಲ್ಲಿ ಊರಿಗೆ. ಏಜೆಂಟನಿಗೆ ಎಷ್ಟು ಕೊಟ್ಟೆ, ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಎಂದು ಕಾರ್ಮಿಕನನ್ನೇ ಗೇಟಿನಾಚೆ ಕೂರಿಸಿ ಕೇಳಬೇಕು. ಕೊಟ್ಟದ್ದನ್ನು ವಾಪಸು ಕೊಡಿಸಬೇಕು. ಕೊಳ್ಳುವವರೂ ಬೆಲೆ ಹಿಂಡುವುದಕ್ಕೆ ಒಂದು ಮಿತಿ ಬೇಕು. ಬ್ರಿಟನ್ ತನ್ನ ಸರ್ಕಾರಿ ಆಸ್ಪತ್ರೆಗಳ ಖರೀದಿಯಲ್ಲಿ ಜೀತದ ಮಾಲು ನುಸುಳದಂತೆ ನಿಯಮ ಮಾಡಬೇಕೆಂದು 2022ರಲ್ಲಿ ಕಾನೂನನ್ನೇ ತಂದಿತು. ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ ಬರುವ ಆಪರೇಷನ್ ಕತ್ತರಿ, ಚಿಮಟಗಳ ಹಿಂದೆ ಮಕ್ಕಳ ದುಡಿಮೆ ಇದೆಯೆಂಬ ವಿಷಯ ಹಿಡಿದು ಅಲ್ಲಿಯ ವೈದ್ಯರ ಸಂಘ 2007ರಿಂದಲೇ ಕೆಲಸಕ್ಕಿಳಿದಿತ್ತು.

ನಮ್ಮಲ್ಲಿ ಟೆಂಡರ್ ಲಕೋಟೆ ಒಡೆದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ರೇಟಿನ ಮೇಲೆ. ಜೊತೆಗೆ ಎಷ್ಟು ಪೈಸೆ ಕಡಿಮೆ ಎಂಬುದೇ ಲೆಕ್ಕ. 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. ರೇಟು ಇಷ್ಟು ಇಳಿದದ್ದು ಹೇಗಪ್ಪಾ ಎಂದು ಸಪ್ಲೈಯರನ್ನು ಕೇಳಲು ಅಧಿಕಾರಿಗಳಿಗೆ ಅದೊಂದು ಮಾತೇ ಸಾಕು.

ಟಾಪ್ ಗ್ಲೋವ್ ಮೇಲಿನ ತಡೆ ಹೋದ ಮರುತಿಂಗಳೇ, 2021ರ ಅಕ್ಟೋಬರಿನಲ್ಲಿ, ಮಲೇಷ್ಯಾದ ಮತ್ತೊಂದು ಕೈಗವಸು ಕಂಪನಿ ಸೂಪರ್‌ಮ್ಯಾಕ್ಸ್‌ನ ಮಾಲನ್ನು ಅಮೆರಿಕ ತಡೆಯಿತು. ನವೆಂಬರಿನಲ್ಲಿ ಸ್ಮಾರ್ಟ್ ಗ್ಲೋವ್. ಡಿಸೆಂಬರಿನಲ್ಲಿ ಆ ಕಂಟೇನರು ವಾಸದ ಬ್ರೈಟ್‌ವೇ.