ಒಲೆಗೂ ಒಂದು ಪರೀಕ್ಷೆ

ಅಕ್ಕತಂಗಿಯರೇ, ಮೂರು ಕಲ್ಲಿನ ಒಲೆ ಬಹಳ ಸೌದೆ ತಿನ್ನುತ್ತದೆ. ಕಾವು ಪಾತ್ರೆಗೆ ಸ್ವಲ್ಪ ತಾಗುತ್ತೆ, ಉಳಿದದ್ದು ಗಾಳಿಗೆ ಹೋಗುತ್ತೆ. ಹೊಗೆ ನಮ್ಮ ಕಣ್ಣಿಗೆ, ಎದೆಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ಸಾಧನ ಮಾಡುವುದು ಅದರ ಕೆಲಸವಾಗಿತ್ತು. ಅಲ್ಲಿ ತಯಾರಾದದ್ದೇ ಅಸ್ತ್ರ ಒಲೆ. ಇದರ ಮೇಲೆ ಮೂರು ಪಾತ್ರೆ ಇಡಬಹುದು. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿಂದ ಗಾಳಿ ಬರುತ್ತದೆ. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ.

ಹೊಸ ಒಲೆ ನಿಜವಾಗಿ ಸೌದೆ ಉಳಿಸುತ್ತಾ? ಪರೀಕ್ಷೆ ಮಾಡಿ. ಬೆಳಿಗ್ಗೆ 5 ಕಿಲೋ ಒಣ ಸೌದೆ ತೂಗಿ ಇಡಿ. ದಿನದ ಅಡುಗೆ ಮುಗಿದ ಮೇಲೆ ಉಳಿದದ್ದನ್ನು ತೂಗಿ. ಹಳೆ ಒಲೆಯಲ್ಲಿ 3 ದಿನ, ಹೊಸ ಒಲೆಯಲ್ಲಿ 3 ದಿನ ಹೀಗೆ ಮಾಡಿ. ಉಣ್ಣುವವರು ಅಷ್ಟೇ ಜನ ಇರಲಿ. ಅಡುಗೆಯೂ ಅದೇ ಇರಲಿ. ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ.

ಹಳೆ ಒಲೆಗೆ ದಿನಕ್ಕೆ 4 ಕಿಲೋ, ಹೊಸದಕ್ಕೆ 3 ಕಿಲೋ ಬೇಕಾಯಿತು ಅನ್ನಿ. ದಿನಕ್ಕೆ 1 ಕಿಲೋ ಉಳಿಯಿತು. ತಿಂಗಳಿಗೆ 30 ಕಿಲೋ! ಅಷ್ಟು ಹೊರೆ ತಲೆಯಿಂದ ಇಳಿದಂತೆ.

ಉಳಿತಾಯ ಕಾಣದಿದ್ದರೆ? ಪಾತ್ರೆ ಒಲೆಬಾಯಿಗೆ ಸರಿಯಾಗಿ ಕೂತಿದೆಯೇ ನೋಡಿ. ಕೊಳವೆಯ ಮಸಿ ತೆಗೆಯಿರಿ. ಆಮೇಲೆ ಮತ್ತೆ ತೂಗಿ.

ಈಗ ನಮಗೆ ಬರೆಯಲು ಬರುತ್ತದೆ. ಒಲೆಯ ಲೆಕ್ಕ ನಾವೇ ಬರೆದಿಡೋಣ.