ಕೋರ್ಸ್ ಪ್ಯಾಕ್, ಕೃತಿಸ್ವಾಮ್ಯ ಮತ್ತು ಒಂದು ಝೆರಾಕ್ಸ್ ಅಂಗಡಿ

ಒಂದು ಪತ್ರಿಕೆಯ ಪಠ್ಯಕ್ರಮಕ್ಕೆ ಒಂದೇ ಪುಸ್ತಕ ಸಾಲದಾದಾಗ, ಅಧ್ಯಾಪಕರು ಹಲವು ಗ್ರಂಥಗಳಿಂದ ಒಂದೊಂದು ಅಧ್ಯಾಯವನ್ನು ಆಯ್ದು, ಝೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ವಿದ್ಯಾರ್ಥಿಗಳಿಗೆ ಒದಗಿಸುವ ಕಟ್ಟನ್ನು ಕೋರ್ಸ್ ಪ್ಯಾಕ್ ಎನ್ನುತ್ತಾರೆ. ಇದು ಕೃತಿಸ್ವಾಮ್ಯದ, ಅಂದರೆ ಕೃತಿಯ ಪ್ರತಿ ತೆಗೆಯಲು ಅದರ ಹಕ್ಕುದಾರರಿಗೆ ಕಾನೂನು ಕೊಟ್ಟಿರುವ ಅಧಿಕಾರದ, ಉಲ್ಲಂಘನೆಯೇ ಎಂಬ ಪ್ರಶ್ನೆ ಭಾರತದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು 2012ರಲ್ಲಿ.

ಆಕ್ಸ್‌ಫರ್ಡ್ ಹಾಗೂ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಪ್ರಕಾಶನ ಸಂಸ್ಥೆಗಳು ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಎಂಬ ಪುಟ್ಟ ಅಂಗಡಿಯ ಮೇಲೂ ದೆಹಲಿ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ಅಂಗಡಿಯವನು ಹಣ ಪಡೆಯುವುದರಿಂದ ಇದು ವ್ಯಾಪಾರವೇ ಹೊರತು ಬೋಧನೆಯಲ್ಲ, ಆದ್ದರಿಂದ ಪರವಾನಗಿ ಪಡೆಯಲೇಬೇಕು ಎಂಬುದು ಅವುಗಳ ವಾದವಾಗಿತ್ತು. ಅಮೆರಿಕದ ನ್ಯಾಯಾಲಯವೊಂದು 1991ರಲ್ಲಿ ಕಿಂಕೋಸ್ ಎಂಬ ಝೆರಾಕ್ಸ್ ಮಳಿಗೆಗಳ ವಿರುದ್ಧ ಇಂಥದೇ ವಾದವನ್ನು ಎತ್ತಿಹಿಡಿದಿತ್ತು. ಇಲ್ಲಿ ಮಾತ್ರ ಅಮರ್ತ್ಯ ಸೇನ್ ಸೇರಿದಂತೆ ಹಲವು ಲೇಖಕರೇ ಪ್ರಕಾಶಕರ ನಡೆಯನ್ನು ವಿರೋಧಿಸಿದರು.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಬೋಧನೆಯ ಅವಧಿಯಲ್ಲಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಪ್ರತಿ ತೆಗೆಯುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ಬೋಧನೆಯೆಂದರೆ ತರಗತಿಯ ಉಪನ್ಯಾಸವಷ್ಟೇ ಅಲ್ಲ, ಅದರ ಪೂರ್ವಸಿದ್ಧತೆಯೂ ಅದರಲ್ಲಿ ಸೇರುತ್ತದೆ ಎಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2016ರ ಸೆಪ್ಟೆಂಬರಿನಲ್ಲಿ ದಾವೆಯನ್ನು ವಜಾಗೊಳಿಸಿತು. ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ, ಇಂತಿಷ್ಟೇ ಪುಟವೆಂಬ ಮಿತಿ ಈ ವಿನಾಯಿತಿಗೆ ಇಲ್ಲ, ಬೋಧನೆಗೆ ಅದು ಅಗತ್ಯವೇ ಎಂಬುದೇ ಅಳತೆ ಎಂದಿತಾದರೂ, ಈ ಪ್ಯಾಕುಗಳಲ್ಲಿದ್ದ ಭಾಗಗಳು ನಿಜಕ್ಕೂ ಅಗತ್ಯವಾಗಿದ್ದವೇ, ಇಡೀ ಪುಸ್ತಕದ ಪ್ರತಿ ತೆಗೆಯಬಹುದೇ ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡದ್ದರಿಂದ ಆ ವಿಚಾರಣೆ ನಡೆಯಲಿಲ್ಲ. ಹೀಗಾಗಿ ಇಡೀ ಪುಸ್ತಕವನ್ನೇ ಝೆರಾಕ್ಸಿಗೆ ಕೊಡುವವರು ಈ ತೀರ್ಪನ್ನು ಗುರಾಣಿಯಾಗಿ ಹಿಡಿಯುವುದು ಜಾಣತನವಲ್ಲ.

ಪ್ಯಾಕಿಗೆ ರಕ್ಷಣೆ ಸಿಗುವುದು ಪಠ್ಯಕ್ರಮದೊಂದಿಗೆ ಅದಕ್ಕಿರುವ ನಂಟಿನಿಂದ. ಮೊದಲ ಹಾಳೆಯಲ್ಲಿ ಪತ್ರಿಕೆಯ ಹೆಸರು ಹಾಗೂ ಸೆಮಿಸ್ಟರನ್ನೂ, ಪ್ರತಿಯೊಂದು ಅಧ್ಯಾಯದ ಎದುರಿಗೆ ಅದು ಯಾವ ಘಟಕಕ್ಕೆ ಸೇರಿದ್ದೆಂಬುದನ್ನೂ, ಜೊತೆಗೆ ಲೇಖಕರು, ಪ್ರಕಾಶಕರು, ಪುಟಸಂಖ್ಯೆಗಳನ್ನೂ ನಮೂದಿಸಿದರೆ ಆ ನಂಟು ಕಣ್ಣಿಗೆ ಕಾಣುತ್ತದೆ. ಅದೇ ಕಟ್ಟನ್ನು ಊರಿನ ಪುಸ್ತಕದಂಗಡಿಯಲ್ಲಿ ಎಲ್ಲರಿಗೂ ಮಾರಾಟಕ್ಕಿಟ್ಟರೆ ನಂಟು ಕಡಿಯುತ್ತದೆ.

ಕೆಲವು ಬರಹಗಳಿಗೆ ಈ ಚಿಂತೆಯೇ ಇಲ್ಲ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕಳೆದರೆ ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳ ಸ್ವಾಮ್ಯ ಮುಗಿಯುತ್ತದೆ. ಕನ್ನಡದಲ್ಲಿ 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯನವರ ಅಂಥ ಬರಹಗಳು ಈಗ ಎಲ್ಲರ ಸ್ವತ್ತು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಬರಹಗಳಿಗೆ 2035ರ ಕೊನೆಯವರೆಗೂ ಕಾಯಬೇಕು. ಮೂಲ ಹಳೆಯದಾದರೂ ಅದಕ್ಕೆ ಬರೆದ ಹೊಸ ಮುನ್ನುಡಿ, ಟಿಪ್ಪಣಿ, ಅನುವಾದಗಳಿಗೆ ಬೇರೆಯೇ ಸ್ವಾಮ್ಯವಿರುತ್ತದೆ ಎಂಬುದನ್ನು ಅವಸರದಲ್ಲಿ ಮರೆಯುವವರೇ ಹೆಚ್ಚು.